ಪಜಲ್ ಬಾಬಲ್: ಯಾವ ಯಂತ್ರದಲ್ಲಿ ಆಡಿದರೆ ಚೆನ್ನ?

ಮೊದಲೇ ಹೇಳಿಬಿಡುತ್ತೇನೆ. ಪಜಲ್ ಬಾಬಲ್ ಅನ್ನೋ ಗುಳ್ಳೆ ಒಡೆಯೋ ವಿಡಿಯೋ ಗೇಮ್ ಹತ್ತಾರು ಯಂತ್ರಗಳಿಗೆ ಬಂದಿದೆ. ಒಬ್ಬರೇ ಕೂತು ಆಡೋರಾದರೆ ಟಿವಿಗೆ ಜೋಡಿಸೋ ಹಳೇ ಯಂತ್ರ ಸೂಪರ್ ನಿಂಟೆಂಡೊದ ಮೊದಲ ಪಜಲ್ ಬಾಬಲ್. ಮನೇಲಿ ಎದುರಾಳಿ ಒಬ್ಬರಿದ್ದರೆ ಸೆಗಾ ಕಂಪನಿಯ ಅಂಥದ್ದೇ ಯಂತ್ರ ಸ್ಯಾಟರ್ನ್‌ನ ಎರಡನೇ ಭಾಗ. ಉಳಿದವನ್ನು ಪುಕ್ಕಟೆ ಸಿಕ್ಕರೆ ಧಾರಾಳವಾಗಿ ಆಡಿ, ದುಡ್ಡು ಕೊಡೋ ಹಾಗಿದ್ದರೆ ಮಾತ್ರ ಮುಂದೆ ಓದಿ.

ಈ ಆಟ ನೋಡೇ ಇಲ್ಲ ಅನ್ನೋರು ಕಮ್ಮಿ, ಹೆಸರು ಗೊತ್ತಿಲ್ಲ ಅನ್ನೋರು ಜಾಸ್ತಿ. ಮೇಲೆ ಬಣ್ಣಬಣ್ಣದ ಗುಳ್ಳೆಗಳು ನೇತಾಡುತ್ತಿರುತ್ತವೆ. ಕೆಳಗಿಂದ ನಾವು ಒಂದೊಂದೇ ಗುಳ್ಳೆ ಹೊಡೆಯಬೇಕು. ಒಂದೇ ಬಣ್ಣದ ಮೂರು ಸೇರಿದರೆ ಒಡೆಯುತ್ತವೆ. ಈಗ ಫೋನಿನಲ್ಲಿ ನೂರೆಂಟು ಹೆಸರಲ್ಲಿ ಬರುವ ಗುಳ್ಳೆ ಆಟಗಳೆಲ್ಲ ಇದರ ಮಕ್ಕಳು ಮೊಮ್ಮಕ್ಕಳೇ. ಮೂಲ ಆಟ ಜಪಾನಿನ ಟೈಟೊ ಕಂಪನಿಯದು, ಆರ್ಕೇಡ್‌ಗೆ, ಅಂದರೆ ಗೇಮ್ ಪಾರ್ಲರ್‌ನ ಕಾಯಿನ್ ಯಂತ್ರಕ್ಕೆ, ಬಂದದ್ದು 1994ರಲ್ಲಿ. 1978ರಲ್ಲಿ ಸ್ಪೇಸ್ ಇನ್ವೇಡರ್ಸ್ ಮಾಡಿದ್ದೂ ಇದೇ ಟೈಟೊ. ಕೆಳಗೆ ನಿಂತಿರುವ ಎರಡು ಪುಟಾಣಿ ಡೈನೋಸಾರ್‌ಗಳು, ಬಬ್ ಮತ್ತು ಬಾಬ್, 1986ರ ಬಬಲ್ ಬಾಬಲ್ ಆಟದಿಂದ ಇಲ್ಲಿಗೆ ಬಂದವರು. ಅಮೆರಿಕದಲ್ಲಿ ಈ ಸರಣಿ ಬಸ್ಟ್ ಅ ಮೂವ್ ಅನ್ನೋ ಹೆಸರಲ್ಲಿ ಮಾರಾಟವಾಯಿತು. ಹಾಗಾಗಿ ಹಳೇ ಕಾರ್ಟ್ರಿಜ್, ಸಿಡಿ ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ.

ಆಟದ ನಿಜವಾದ ಮಜಾ ಒಡೆಯೋದರಲ್ಲಿ ಇಲ್ಲ, ಉದುರಿಸೋದರಲ್ಲಿ ಇದೆ. ಮೊದಲ ಆಟದ ಅಂಕದ ಲೆಕ್ಕ ನೋಡಿದರೆ ಇದು ಗೊತ್ತಾಗುತ್ತದೆ. ಒಡೆದ ಗುಳ್ಳೆ ಒಂದಕ್ಕೆ 10 ಅಂಕ, ಮೂರು ಒಡೆದರೆ 30, ಅಷ್ಟೇ. ಆದರೆ ಒಡೆದ ಗುಳ್ಳೆಗಳಿಗೆ ನೇತುಬಿದ್ದಿದ್ದವು ಆಧಾರ ತಪ್ಪಿ ಕೆಳಗೆ ಬಿದ್ದರೆ ಅದಕ್ಕೆ ಬೇರೆ ಲೆಕ್ಕ. ಒಂದು ಬಿದ್ದರೆ 20, ಎರಡು ಬಿದ್ದರೆ 40, ಮೂರಕ್ಕೆ 80, ಹೀಗೆ ಪ್ರತಿ ಗುಳ್ಳೆಗೂ ದುಪ್ಪಟ್ಟು. ಹತ್ತು ಉದುರಿದರೆ 10,240. ಹದಿನೇಳು ಉದುರಿದರೆ 13,10,720, ಅಲ್ಲಿಗೆ ಮಿತಿ. ಅಂದರೆ ಕೆಳಗೆ ಕೈಗೆ ಸಿಗೋ ಗುಳ್ಳೆಗಳನ್ನು ಪಟಪಟ ಒಡೆಯುತ್ತಾ ಹೋಗೋನು ದಡ್ಡ. ಒಂದು ಇಕ್ಕಟ್ಟು ಸಂದಿಯೊಳಗೆ ಗುಳ್ಳೆ ತೂರಿಸಿ, ಮೇಲಿನ ಎರಡು ಹಸಿರಿಗೆ ಮೂರನೇ ಹಸಿರು ಅಂಟಿಸಿ, ಇಡೀ ಗೊಂಚಲನ್ನೇ ಕೆಳಗೆ ಬೀಳಿಸೋನು ಜಾಣ. ಆ ಸಂದಿ ನೇರಕ್ಕೆ ಸಿಗೋದು ಅಪರೂಪ. ಕೇರಂನಲ್ಲಿ ಸ್ಟ್ರೈಕರನ್ನು ಬೋರ್ಡಿನ ಅಂಚಿಗೆ ಹೊಡೆದು ಕಾಯಿ ತೆಗೆಯೋ ಹಾಗೆ, ಪಕ್ಕದ ಗೋಡೆಗೆ ಬಡಿಸಿ ಕಳಿಸಬೇಕು.

ಹಾಗಾಗಿ ನನಗೆ ಈ ಸರಣಿಯ ಯಾವ ಆವೃತ್ತಿಯಾದರೂ ಸರಿ, ಚಿತ್ರ ಎಷ್ಟು ಚೆಂದ, ಹಂತ ಎಷ್ಟಿವೆ ಅನ್ನೋದು ಆಮೇಲಿನ ಮಾತು. ಮೊದಲು ಮುಳ್ಳು ನೋಡುತ್ತೇನೆ. ಗುರಿ ತೋರಿಸೋ ಆ ಬಾಣದ ಮುಳ್ಳು ಒಂದು ಸಲ ಬಟನ್ ತಟ್ಟಿದರೆ ಎಷ್ಟು ತಿರುಗುತ್ತದೆ, ಪ್ರತಿ ಸಲ ಅಷ್ಟೇ ತಿರುಗುತ್ತದಾ, ಬೆರಳು ತೆಗೆದ ತಕ್ಷಣ ನಿಲ್ಲುತ್ತದಾ. ಇದು ಸರಿ ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ಬರೀ ಅಲಂಕಾರ.

ಮೂಲ ಆರ್ಕೇಡ್ ಆಟದಲ್ಲಿ ಈ ಮುಳ್ಳು ಬಹಳ ಪ್ರಾಮಾಣಿಕ. ಟೈಟೊ ಇದನ್ನು ಮೊದಲು ತನ್ನದೇ ಬೋರ್ಡ್‌ನಲ್ಲಿ ತಂದಿತು, ಅದೇ ವರ್ಷ ಎಸ್‌ಎನ್‌ಕೆ ಕಂಪನಿಯ ನಿಯೋ ಜಿಯೋ ಯಂತ್ರಕ್ಕೂ ಬಂತು. ಜಗತ್ತಿನ ಮೂಲೆಮೂಲೆಗೆ ಹೋಗಿದ್ದು ಈ ಎರಡನೆಯದು. ನಿಯೋ ಜಿಯೋ ಪೆಟ್ಟಿಗೆಯ ಅನುಕೂಲ ಏನೆಂದರೆ ಒಂದೇ ಪೆಟ್ಟಿಗೆಯಲ್ಲಿ ನಾಲ್ಕು, ಕೆಲವದರಲ್ಲಿ ಆರು ಕಾರ್ಟ್ರಿಜ್ ಕೂರುತ್ತಿದ್ದವು. ನಮ್ಮ ಕಡೆ ಗೇಮ್ ಪಾರ್ಲರ್‌ಗಳಲ್ಲಿ ಹುಡುಗರ ಹಿಂಡು ಇರುತ್ತಿದ್ದದ್ದು ಹೊಡೆದಾಟದ ಆಟಗಳ ಮುಂದೆ. ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಆಟಕ್ಕೆ ಅದರ ನಿಜವಾದ ಹೆಸರೇ ಗೊತ್ತಿಲ್ಲದೆ ಮುಸ್ತಫಾ ಅಂತ ಕರೆದು ಬೆಳೆದ ತಲೆಮಾರು ನಮ್ಮದು. ಆ ಗದ್ದಲದ ನಡುವೆ ಡೈನೋಸಾರ್ ಮರಿಗಳು ಗುಳ್ಳೆ ಊದೋ ಆಟಕ್ಕೆ ಯಾರು ಕಾಯಿನ್ ಹಾಕುತ್ತಾರೆ ಹೇಳಿ. ಹಾಗಾಗಿ ಅದನ್ನು ಆಡೋಕೆ ಕ್ಯೂ ನಿಲ್ಲಬೇಕಾಗಿರಲಿಲ್ಲ, ನನ್ನಂಥವರಿಗೆ ಅದೇ ಲಾಭ.

ಆ ಯಂತ್ರದ ಮುಂದೆ ನಿಂತರೆ ಏನೇನು ಕಾಣುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮುಂದಿನ ಎಲ್ಲ ಹೋಲಿಕೆಗೂ ಇದೇ ಅಳತೆಗೋಲು. ಮೊದಲ ಹಂತದಲ್ಲಿ ಮೇಲಿನ ಸಾಲಿನಲ್ಲಿ ಎಂಟು ಗುಳ್ಳೆ, ಎರಡು ಕೆಂಪು, ಎರಡು ಹಳದಿ, ಎರಡು ನೀಲಿ, ಎರಡು ಹಸಿರು. ಅದರ ಕೆಳಗಿನ ಸಾಲು ಅರ್ಧ ಗುಳ್ಳೆಯಷ್ಟು ಪಕ್ಕಕ್ಕೆ ಸರಿದಿರುತ್ತದೆ, ಅಲ್ಲಿ ಏಳು. ಮತ್ತೆ ಎಂಟು, ಮತ್ತೆ ಏಳು. ಹೀಗೆ ಜೇನುಗೂಡಿನ ಜೋಡಣೆ ಇರೋದರಿಂದ ಒಂದು ಗುಳ್ಳೆಗೆ ಆರು ನೆರೆ. ಪ್ರತಿ ಗುಳ್ಳೆಯೊಳಗೂ ಬಬಲ್ ಬಾಬಲ್‌ನ ಒಂದು ರಾಕ್ಷಸ ಮರಿ ಸಿಕ್ಕಿಹಾಕಿಕೊಂಡು ಕೂತಿರುತ್ತದೆ, ಬಣ್ಣಕ್ಕೊಂದು ಬಗೆ. ನನ್ನ ಭಾವನಿಗೆ ಕೆಂಪು ಹಸಿರು ಬಣ್ಣದ ವ್ಯತ್ಯಾಸ ಸರಿಯಾಗಿ ಕಾಣೋದಿಲ್ಲ. ಅವರು ಒಳಗಿನ ರಾಕ್ಷಸನ ಮುಖ ನೋಡಿಕೊಂಡು ಆಡುತ್ತಾರೆ, ಆರಾಮಾಗಿ ಗೆಲ್ಲುತ್ತಾರೆ ಕೂಡ. ಅಗ್ಗದ ನಕಲುಗಳಲ್ಲಿ ಬರೀ ಬಣ್ಣದ ಉಂಡೆ ಇಟ್ಟಿರುತ್ತಾರೆ, ಅಲ್ಲಿ ಅವರಿಗೆ ಆಡೋಕೇ ಆಗೋದಿಲ್ಲ.

ಕೆಲವು ಹೊಡೆತ ಆದ ಮೇಲೆ ಇಡೀ ಸೂರು ಒಂದು ಸಾಲಿನಷ್ಟು ಕೆಳಗೆ ಇಳಿಯುತ್ತದೆ. ಇಳಿಯೋ ಮುಂಚೆ ಗುಳ್ಳೆಗಳು ಗಡಗಡ ನಡುಗುತ್ತವೆ. ಅದೇ ಎಚ್ಚರಿಕೆ, ಬೇರೆ ಗಡಿಯಾರ ಇಲ್ಲ, ಪರದೆ ಮೇಲೆ ಅಂಕಿ ಇಲ್ಲ. ತುಂಬಾ ಯೋಚನೆ ಮಾಡುತ್ತಾ ಕೂತರೆ ಬೇಗ ಬೇಗ ಅಂತ ಎಣಿಕೆ ಶುರುವಾಗಿ, ಮುಳ್ಳು ಎಲ್ಲಿದೆಯೋ ಅಲ್ಲಿಗೇ ಗುಳ್ಳೆ ತಾನಾಗಿ ಹಾರಿಹೋಗುತ್ತದೆ. ಗುಳ್ಳೆಗಳು ಕೆಳಗಿನ ಗೆರೆಯ ಹತ್ತಿರ ಬಂದರೆ ಸಂಗೀತದ ವೇಗ ಏರುತ್ತದೆ. ಇನ್ನೊಂದು ಸೂಕ್ಷ್ಮ ವಿಷಯ: ನಮಗೆ ಬರೋ ಗುಳ್ಳೆಯ ಬಣ್ಣ ಯಾವಾಗಲೂ ಪರದೆಯಲ್ಲಿ ಉಳಿದಿರೋ ಬಣ್ಣಗಳಲ್ಲೇ ಒಂದು. ಹಳದಿ ಪೂರ್ತಿ ತೆಗೆದರೆ ಮತ್ತೆ ಹಳದಿ ಬರೋದಿಲ್ಲ. ಅಂದರೆ ಒಂದು ಬಣ್ಣವನ್ನು ಮುಗಿಸಿಬಿಡೋದೇ ಒಂದು ತಂತ್ರ. ಈ ನಿಯಮ ಪಾಲಿಸದ ನಕಲು ಆಟ ಸಿಕ್ಕರೆ ಅಲ್ಲೇ ಅಳಿಸಿಹಾಕಿ, ಅದನ್ನು ಮಾಡಿದವನಿಗೆ ಆಟವೇ ಅರ್ಥ ಆಗಿಲ್ಲ.

ಇನ್ನು ಮನೆಯ ಯಂತ್ರಗಳಿಗೆ ಬರೋಣ. ಸೂಪರ್ ನಿಂಟೆಂಡೊ ಆವೃತ್ತಿ ಬಂದದ್ದು 1995ರಲ್ಲಿ. ಆರ್ಕೇಡ್ ಪರದೆ ಅಡ್ಡಕ್ಕೆ 320 ಚುಕ್ಕೆ, ಇದು 256. ಬದಿಯ ಅಲಂಕಾರ ಕಮ್ಮಿಯಾಗಿದೆ, ಸದ್ದು ಸ್ವಲ್ಪ ಮಂಕು. ಪಕ್ಕಪಕ್ಕ ಇಟ್ಟು ನೋಡಿದರೆ ಆರ್ಕೇಡೇ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರ್ಕೇಡ್ ಆಟ 30 ಹಂತಕ್ಕೆ ಮುಗಿದುಹೋಗುತ್ತದೆ, ಇಲ್ಲಿ 100 ಹಂತ ಇವೆ. ಬರೀ ಲೆಕ್ಕಕ್ಕೆ ತುಂಬಿಸಿದ ಹಂತಗಳಲ್ಲ. ಅರ್ಧ ದಾಟಿದ ಮೇಲೆ ಒಂದು ಜಾತಿಯ ಹಂತ ಬರುತ್ತದೆ ನೋಡಿ: ಒಂದೇ ಎಳೆಯಲ್ಲಿ ಗುಳ್ಳೆಗಳು ಬಳ್ಳಿ ಥರ ಕೆಳಗಿಳಿದಿರುತ್ತವೆ, ಬುಡ ಸೂರಿನ ಮೂಲೆಯಲ್ಲಿ, ಅಲ್ಲಿಗೆ ತಲುಪೋಕೆ ಗೋಡೆಗೆ ಬಡಿಸೋದು ಬಿಟ್ಟು ದಾರಿಯೇ ಇಲ್ಲ. ಒಂದು ಹೊಡೆತ ಸರಿ ಬಿದ್ದರೆ ಇಡೀ ಹಂತ ಖಾಲಿ. ತಪ್ಪಿದರೆ ಅದೇ ಗುಳ್ಳೆ ದಾರಿಗೆ ಅಡ್ಡ ಕೂತು ಮುಂದಿನ ಐದು ನಿಮಿಷ ಹಾಳು.

ಮುಳ್ಳಿನ ವಿಷಯದಲ್ಲಿ ಈ ಆವೃತ್ತಿ ಆರ್ಕೇಡ್‌ಗಿಂತಲೂ ಒಂದು ಕೈ ಮೇಲು ಅಂತ ನನ್ನ ಅಭಿಪ್ರಾಯ. ಆರ್ಕೇಡಿನ ಕೋಲಿನಿಂದ ಮುಳ್ಳನ್ನು ಒಂದೇ ಒಂದು ಗೀಟಿನಷ್ಟು, ಅಂದರೆ ಅದು ತಿರುಗೋ ಅತಿ ಸಣ್ಣ ಹೆಜ್ಜೆಯಷ್ಟು, ಸರಿಸೋಕೆ ಮಣಿಕಟ್ಟು ಬಿಗಿಹಿಡಿಯಬೇಕು. ಸೂಪರ್ ನಿಂಟೆಂಡೊದ ದಿಕ್ಕಿನ ಬಟನ್‌ಗೆ ಹೆಬ್ಬೆರಳ ತುದಿ ಸಾಕು. ಟಕ್ ಅಂದರೆ ಒಂದು ಗೀಟು. ಟಕ್ ಟಕ್ ಅಂದರೆ ಎರಡು. ಸ್ವಲ್ಪ ದಿನ ಆಡಿದರೆ ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ, ನಟ್ಟನಡುವಿನಿಂದ ಎಡಕ್ಕೆ ಇಷ್ಟು ತಟ್ಟಿದರೆ ಎಡಗೋಡೆಗೆ ಬಡಿದು ಬಲ ಮೂಲೆಗೆ ಹೋಗುತ್ತದೆ ಅಂತ. ಆ ಹಂತಕ್ಕೆ ಬಂದ ಮೇಲೆ ಬೇರೆ ಯಾವ ಆವೃತ್ತಿಯೂ ಅಷ್ಟು ಹಿಡಿಸೋದಿಲ್ಲ.

ಕೈಯಲ್ಲಿ ಹಿಡಿದು ಆಡೋ ಗೇಮ್ ಗೇರ್ ಮತ್ತು ಗೇಮ್ ಬಾಯ್ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. ಎರಡರ ಪರದೆಯೂ 160 ಅಡ್ಡ, 144 ಉದ್ದ. ಅಷ್ಟರಲ್ಲಿ ಇಡೀ ಅಂಗಳ ಕೂರಿಸಬೇಕು ಅಂದರೆ ಗುಳ್ಳೆಗಳು ಸಾಸಿವೆ ಕಾಳಾಗುತ್ತವೆ. ಗೇಮ್ ಗೇರ್‌ಗಾದರೂ ಬಣ್ಣ ಇದೆ, ಆದರೆ ಬ್ಯಾಟರಿ ನುಂಗೋದರಲ್ಲಿ ಅದು ರಾಕ್ಷಸ, ಆರು ಸೆಲ್ ಹಾಕಿ ಒಂದು ಸಂಜೆ ಆಡಿದರೆ ಮುಗಿಯಿತು. ಗೇಮ್ ಬಾಯ್‌ಗೆ ಬಣ್ಣವೇ ಇಲ್ಲ, ಒಳಗಿನ ಗುರುತು ನೋಡಿ ಯಾವ ಗುಳ್ಳೆ ಯಾವುದು ಅಂತ ಕಂಡುಹಿಡಿಯಬೇಕು. ಬಣ್ಣ ಸೇರಿಸೋ ಆಟವನ್ನು ಬಣ್ಣವಿಲ್ಲದ ಯಂತ್ರಕ್ಕೆ ತಂದ ಧೈರ್ಯಕ್ಕೆ ಒಂದು ಸಲಾಂ, ಅಷ್ಟೇ. ಹಳೇ ವಸ್ತು ಕೂಡಿಡೋ ಹುಚ್ಚಿದ್ದರೆ ತಗೊಳ್ಳಿ, ಆಡೋಕೆ ಬೇಡ.

ಈಗ ಎರಡನೇ ಭಾಗ. ಪಜಲ್ ಬಾಬಲ್ 2 ಆರ್ಕೇಡ್‌ಗೆ ಬಂದದ್ದು 1995ರಲ್ಲಿ, ಟೈಟೊದ ಎಫ್3 ಅನ್ನೋ ಬೋರ್ಡ್ ಮೇಲೆ. ನನ್ನ ಪ್ರಕಾರ ಸರಣಿಯ ಶಿಖರ ಇದೇ. ಒಬ್ಬರೇ ಆಡುವಾಗ ಹಂತಗಳು ನೇರ ಸಾಲಲ್ಲಿ ಬರೋದಿಲ್ಲ. ಒಂದು ಗುಂಪು ಮುಗಿಸಿದ ಮೇಲೆ ಎಡಕ್ಕೆ ಹೋಗ್ತೀಯಾ ಬಲಕ್ಕೆ ಹೋಗ್ತೀಯಾ ಅಂತ ಕೇಳುತ್ತದೆ. ಹಾಗಾಗಿ ಒಂದೇ ಸಲಕ್ಕೆ ಎಲ್ಲ ಹಂತ ನೋಡೋಕೆ ಆಗೋದಿಲ್ಲ, ಮತ್ತೆ ಮತ್ತೆ ಶುರು ಮಾಡೋಕೆ ಒಂದು ನೆಪ ಸಿಗುತ್ತದೆ. ಕಂಪ್ಯೂಟರ್ ವಿರುದ್ಧ ಆಡೋದಾದರೆ ಬಗೆಬಗೆಯ ವಿಚಿತ್ರ ಎದುರಾಳಿಗಳಿದ್ದಾರೆ. ಇಬ್ಬರು ಆಡುವಾಗ ಒಬ್ಬರು ಉದುರಿಸಿದ ಗುಳ್ಳೆಗಳು ಇನ್ನೊಬ್ಬರ ಅಂಗಳಕ್ಕೆ ಹೋಗಿ ಅಂಟಿಕೊಳ್ಳುತ್ತವೆ. ಮೂಲ ಆಟದಲ್ಲೂ ಇದಿತ್ತು, ಆದರೆ ಇಲ್ಲಿ ಏಟು ಎದಿರೇಟಿನ ಲಯ ಸರಿಯಾಗಿ ಕೂತಿದೆ. ನಾನು ಮತ್ತು ನಮ್ಮಕ್ಕ ಇದನ್ನು ಶುರು ಮಾಡಿದರೆ ಅಮ್ಮ ಊಟಕ್ಕೆ ಕರೆಯೋದನ್ನೇ ನಿಲ್ಲಿಸುತ್ತಿದ್ದರು. ಅಕ್ಕ ಒಂದು ಕೆಟ್ಟ ಕೆಲಸ ಮಾಡುತ್ತಿದ್ದಳು. ಸಣ್ಣಪುಟ್ಟದನ್ನು ಒಡೆಯದೇ ತನ್ನ ಅಂಗಳವನ್ನು ಬೇಕಂತಲೇ ಕೆಳಗಿನವರೆಗೂ ಬೆಳೆಯೋಕೆ ಬಿಟ್ಟು, ಇನ್ನೇನು ಸತ್ತಳು ಅನ್ನೋವಾಗ ಬುಡದ ಒಂದು ಗುಂಪು ಒಡೆದು ಎಲ್ಲವನ್ನೂ ಒಟ್ಟಿಗೆ ನನ್ನ ತಲೆ ಮೇಲೆ ಹಾಕೋಳು. ಅದಕ್ಕೆ ಉತ್ತರ ಕೊಡೋಕೆ ನಮ್ಮ ಕಡೆ ಜಾಗವೇ ಉಳಿದಿರುತ್ತಿರಲಿಲ್ಲ.

ಈ ಎರಡನೇ ಭಾಗ ಮನೆಗೆ ಮೂರು ಮುಖ್ಯ ಯಂತ್ರಗಳಲ್ಲಿ ಬಂತು: ಪ್ಲೇಸ್ಟೇಷನ್, ಸೆಗಾ ಸ್ಯಾಟರ್ನ್, ನಿಂಟೆಂಡೊ 64. ಚಿತ್ರ ಸಂಗೀತ ಮೊದಲೆರಡರಲ್ಲಿ ಹೆಚ್ಚುಕಮ್ಮಿ ಒಂದೇ. ಪ್ಲೇಸ್ಟೇಷನ್‌ನ ಪಾಶ್ಚಾತ್ಯ ಆವೃತ್ತಿಯ ಡಬ್ಬದ ಮೇಲಿನ ಚಿತ್ರ ಮಾತ್ರ ಭಯಾನಕ. ಮುದ್ದು ಡೈನೋಸಾರ್‌ಗಳ ಆಟಕ್ಕೆ ಯಾರೋ ಒಬ್ಬ ರೆಪ್ಪೆ ಮುಚ್ಚದ ಹಾಗೆ ಕಣ್ಣಿಗೆ ಬೆಂಕಿಕಡ್ಡಿ ಸಿಕ್ಕಿಸಿಕೊಂಡಿರೋ ಮುಖ ಹಾಕಿದ್ದಾರೆ. ಮಕ್ಕಳಿರೋ ಮನೆಯಲ್ಲಿ ಡಬ್ಬ ತಿರುಗಿಸಿ ಇಡಿ.

ಕಂಟ್ರೋಲರ್ ವಿಷಯದಲ್ಲಿ ಒಂದು ತಮಾಷೆ ಇದೆ. ಸ್ಯಾಟರ್ನ್‌ನ ದಿಕ್ಕಿನ ಬಟನ್ ಒಂದೇ ತಟ್ಟೆ, ಹೆಬ್ಬೆರಳು ಜಾರಿಸಿ ಸುತ್ತ ತಿರುಗಿಸೋಕೆ ಸೊಗಸು, ಹೊಡೆದಾಟದ ಆಟದವರು ಅದನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದಾರೆ. ಪ್ಲೇಸ್ಟೇಷನ್‌ನಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಬಿಡಿ ಬಟನ್, ಅದಕ್ಕೆ ಎಲ್ಲರೂ ಬೈಯುತ್ತಾರೆ. ಆದರೆ ಈ ಆಟಕ್ಕೆ ಬೇಕಾಗಿರೋದು ಎಡ ಮತ್ತು ಬಲ ಮಾತ್ರ, ಅದೂ ಒಂದೊಂದೇ ಗೀಟು. ಇದಕ್ಕೆ ಆ ಬಿಡಿ ಬಟನ್ನೇ ವಾಸಿ. ಹಾಗಿದ್ದ ಮೇಲೆ ಸ್ಯಾಟರ್ನ್ ಅಂತ ಯಾಕೆ ಹೇಳಿದೆ ಅಂತೀರಾ? ಕಾರಣ ಸರಳ, ಇವತ್ತು ಕಾನೂನುಬದ್ಧವಾಗಿ ಸುಲಭಕ್ಕೆ ಸಿಗೋದು ಅದು. ಸಿಟಿ ಕನೆಕ್ಷನ್ ಅನ್ನೋ ಜಪಾನಿ ಕಂಪನಿ 2023ರಲ್ಲಿ ಸ್ಯಾಟರ್ನ್‌ನ ಎರಡನೇ ಮತ್ತು ಮೂರನೇ ಭಾಗಗಳನ್ನು ಒಟ್ಟುಸೇರಿಸಿ ಎಸ್ ಟ್ರಿಬ್ಯೂಟ್ ಅನ್ನೋ ಹೆಸರಲ್ಲಿ ಬಿಡುಗಡೆ ಮಾಡಿತು. ನಿಂಟೆಂಡೊ ಸ್ವಿಚ್, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್, ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್ ಎಲ್ಲದರಲ್ಲೂ ಇದೆ. ಎಲ್ಲಿ ಬೇಕಾದರೂ ಉಳಿಸಿಕೊಳ್ಳಬಹುದು, ತಪ್ಪಾದರೆ ಹಿಂದಕ್ಕೆ ತಿರುಗಿಸಿಕೊಳ್ಳಬಹುದು. ಹಿಂದಕ್ಕೆ ತಿರುಗಿಸೋದು ಕಲಿಯೋಕೆ ಒಳ್ಳೇದು. ಗೋಡೆ ಹೊಡೆತ ತಪ್ಪಿದ ತಕ್ಷಣ ಹಿಂದಕ್ಕೆ ಹೋಗಿ ಒಂದು ಗೀಟು ಸರಿಸಿ ನೋಡಿದರೆ ಕೋನ ಬೇಗ ಮನಸ್ಸಿಗೆ ಹತ್ತುತ್ತದೆ. ಚಟ ಮಾಡಿಕೊಳ್ಳಬೇಡಿ, ಎದುರಾಳಿ ಪಕ್ಕದಲ್ಲಿದ್ದಾಗ ಅಂತೂ ಮುಟ್ಟಲೇಬೇಡಿ, ಮಾನ ಹೋಗುತ್ತದೆ.

ನಿಂಟೆಂಡೊ 64ರ ಆವೃತ್ತಿ 1998ರದ್ದು. ಅಷ್ಟರಲ್ಲಿ ಮೂರನೇ ಭಾಗವೇ ಆರ್ಕೇಡ್‌ನಲ್ಲಿ ಹಳತಾಗಿತ್ತು. ಮೂರು ಹಿಡಿಯ ಆ ಕಂಟ್ರೋಲರ್‌ನಲ್ಲಿ ನಡುವಿನ ಕೋಲು ಹಿಡಿದು ಗುರಿ ಇಡೋದು ಅಂದರೆ ದೊಡ್ಡ ಸಾಹಸ. ಎಡಗೈಯನ್ನು ಎಡ ಹಿಡಿಗೆ ಸರಿಸಿ ದಿಕ್ಕಿನ ಬಟನ್ ಬಳಸಿ, ಆಗ ಪರವಾಗಿಲ್ಲ. ಸಿಡಿ ಕಾಯೋ ಕಾಟ ಇಲ್ಲ ಅನ್ನೋದು ಅದರ ಒಂದೇ ಹೆಚ್ಚುಗಾರಿಕೆ.

ಮೂರನೇ ಭಾಗ 1996ರದ್ದು, ಅಮೆರಿಕದಲ್ಲಿ ಕೆಲವು ಯಂತ್ರಗಳಿಗೆ ಬಸ್ಟ್ ಅ ಮೂವ್ 99 ಅನ್ನೋ ಹೆಸರಲ್ಲಿ ಬಂತು. ಇಲ್ಲಿ ಕಾಮನಬಿಲ್ಲಿನ ಗುಳ್ಳೆ ಬಂತು, ಪಕ್ಕದಲ್ಲಿ ಯಾವುದಾದರೂ ಗುಂಪು ಒಡೆದರೆ ಇದು ಆ ಬಣ್ಣ ಪಡೆಯುತ್ತದೆ. ಮೇಲಿನ ಸೂರಿಗೂ ಬಡಿಸಿ ಗುಳ್ಳೆ ವಾಪಸ್ ತರಬಹುದು. ಕೇಳೋಕೆ ಚೆನ್ನ, ಆಡೋಕೆ ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತದೆ. ಸೂರಿಗೆ ಅಂಟುತ್ತದೆ ಅನ್ನೋ ಒಂದು ಖಾತ್ರಿಯ ಮೇಲೆ ಇಡೀ ಆಟ ನಿಂತಿತ್ತು, ಅದನ್ನೇ ತೆಗೆದರೆ ಹೇಗೆ? ಆದರೂ ಇದರಲ್ಲಿ ಮನಸೋತವರು ಬಹಳ ಜನ ಇದ್ದಾರೆ. ಎಸ್ ಟ್ರಿಬ್ಯೂಟ್ ತಗೊಂಡರೆ ಎರಡೂ ಜೊತೆಗೇ ಇರೋದರಿಂದ ನೀವೇ ತೀರ್ಮಾನ ಮಾಡಿ.

ನಾಲ್ಕನೇ ಭಾಗ ಪ್ಲೇಸ್ಟೇಷನ್ ಮತ್ತು ಡ್ರೀಮ್‌ಕಾಸ್ಟ್‌ಗೆ ಬಂತು. ರಾಟೆ ಅನ್ನೋ ಹೊಸ ಸಂಗತಿ ಇದರದ್ದು. ಎರಡು ಗೊಂಚಲು ಹಗ್ಗದ ಎರಡು ತುದಿಗೆ ತೂಗುತ್ತಿರುತ್ತವೆ, ಒಂದು ಕಡೆ ಭಾರ ಆದರೆ ಅದು ಕೆಳಗಿಳಿದು ಇನ್ನೊಂದು ಮೇಲೇರುತ್ತದೆ. ಗುಳ್ಳೆ ಒಡೆಯೋದರ ಜೊತೆ ತೂಕವೂ ಸರಿದೂಗಿಸಬೇಕು. ಇದು ನನಗೆ ಮೂರನೇ ಭಾಗದ ಹೊಸತನಕ್ಕಿಂತ ಇಷ್ಟವಾಯಿತು, ಯಾಕೆಂದರೆ ಮುಳ್ಳು, ಗೋಡೆ, ಸೂರು ಯಾವುದನ್ನೂ ಮುಟ್ಟದೆ ಹೊಸ ತಲೆನೋವು ಕೊಟ್ಟಿದ್ದಾರೆ. ಇಬ್ಬರು ಆಡುವಾಗ ಸರಪಳಿ ಒಡೆತ ಅಂತ ಒಂದು ಸೇರಿದೆ. ಉದುರಿದ ಗುಳ್ಳೆ ತಾನಾಗಿ ಮೇಲೆ ಹೋಗಿ ತನ್ನ ಬಣ್ಣದವರ ಜೊತೆ ಸೇರಿ ಮತ್ತೆ ಒಡೆಯುತ್ತದೆ. ನೋಡೋಕೆ ಹಬ್ಬ. ಆದರೆ ಗೆದ್ದದ್ದು ನನ್ನ ಗುರಿಯಿಂದಲಾ, ಅದೃಷ್ಟದಿಂದಲಾ ಅಂತ ಎಷ್ಟೋ ಸಲ ತಿಳಿಯೋದೇ ಇಲ್ಲ. ಡ್ರೀಮ್‌ಕಾಸ್ಟ್‌ನಲ್ಲಿ ಚಿತ್ರ ಚೊಕ್ಕವಾಗಿದೆ.

ಪ್ಲೇಸ್ಟೇಷನ್ 2, ಗೇಮ್‌ಕ್ಯೂಬ್, ಗೇಮ್ ಬಾಯ್ ಅಡ್ವಾನ್ಸ್, ಪಿಎಸ್‌ಪಿ, ವೀ, ಇವೆಲ್ಲದರಲ್ಲೂ ಒಂದಲ್ಲ ಒಂದು ಬಂದಿದೆ. ಯಾವುದೂ ಹಾಳಾಗಿಲ್ಲ, ಯಾವುದೂ ಎದ್ದು ಕಾಣೋದಿಲ್ಲ. ಮುಂದಕ್ಕೆ ಹೋಗೋಣ.

ಎರಡು ಪರದೆಯ ಪುಟ್ಟ ಕೈಯಂತ್ರ ನಿಂಟೆಂಡೊ ಡಿಎಸ್ ಆವೃತ್ತಿಯ ಹತ್ತಿರ ಮಾತ್ರ ನಿಲ್ಲಲೇಬೇಕು, ಯಾಕೆಂದರೆ ನನ್ನ ಮುಳ್ಳಿನ ವಾದಕ್ಕೆ ಎದುರು ಸಾಕ್ಷಿ ಹೇಳೋದು ಇದೊಂದೇ. ಇದರಲ್ಲಿ ಮುಳ್ಳು ತಿರುಗಿಸೋದರ ಬದಲು ಕವಣೆ ಇದೆ. ಕಡ್ಡಿಯಿಂದ ಕೆಳಗಿನ ಪರದೆಯಲ್ಲಿ ಕವಣೆ ಎಳೆದು ಬಿಟ್ಟರೆ ಗುಳ್ಳೆ ಮೇಲಿನ ಪರದೆಗೆ ಹಾರುತ್ತದೆ. ಗೀಟಿನ ಲೆಕ್ಕ ಇಲ್ಲ, ಕೋನ ಪೂರ್ತಿ ಕೈಯಲ್ಲೇ. ಇದು ನನಗೆ ಹಿಡಿಸಬಾರದಿತ್ತು, ಆದರೆ ಹಿಡಿಸಿತು. ಕಾರಣ, ಎಳೆದು ಹಿಡಿದಾಗ ಕೈ ಸಣ್ಣಗೆ ನಡುಗುತ್ತದೆ, ಕಡ್ಡಿ ಎತ್ತೋವಾಗ ಕೂದಲೆಳೆಯಷ್ಟು ಸರಿದುಹೋಗುತ್ತದೆ. ಅದನ್ನು ಹತೋಟಿಗೆ ತರೋದೇ ಬೇರೆ ಒಂದು ಕಲೆ. ಗುರಿ ತಪ್ಪಿದರೆ ತಪ್ಪು ನನ್ನದೇ, ಗೆದ್ದರೆ ಗೆಲುವೂ ನನ್ನದೇ. ಒಂದೇ ಕಾರ್ಡ್‌ನಿಂದ ಬೇರೆಯವರ ಡಿಎಸ್‌ಗೂ ಕಳಿಸಿ ಐದು ಜನರವರೆಗೆ ಆಡಬಹುದು. ಹಳೇ ಡಿಎಸ್ ಮನೆಯಲ್ಲಿ ಧೂಳು ತಿನ್ನುತ್ತಿದ್ದರೆ ಇದಕ್ಕಾಗಿಯೇ ಚಾರ್ಜ್‌ಗೆ ಹಾಕಿ.

ಹಾಗಾದರೆ ಫೋನಿನಲ್ಲೂ ಬೆರಳಿನಿಂದ ಆಡಬಹುದಲ್ವಾ ಅಂತ ಅಕ್ಕನ ಮಗ ವಾದ ಮಾಡುತ್ತಾನೆ. ಆಡಬಹುದು. ಆದರೆ ಫೋನಿನ ಗುಳ್ಳೆ ಆಟಗಳಲ್ಲಿ ಬಹುಪಾಲು ಎಲ್ಲದರಲ್ಲೂ ಗುರಿ ಗೆರೆ ಇದೆ. ಬೆರಳಿಟ್ಟ ತಕ್ಷಣ ಚುಕ್ಕೆ ಚುಕ್ಕೆಯಾಗಿ ಗೆರೆ ಮೂಡುತ್ತದೆ, ಗೋಡೆಗೆ ಬಡಿದು ಎಲ್ಲಿ ಹೋಗಿ ಕೂರುತ್ತದೆ ಅನ್ನೋದನ್ನೂ ತೋರಿಸಿಬಿಡುತ್ತದೆ. ಮೂಲ ಆಟದಲ್ಲೂ ಹೊಸಬರಿಗೆ ಶುರುವಲ್ಲಿ ಸ್ವಲ್ಪ ಕೈ ಹಿಡಿದು ನಡೆಸೋದಿದೆ, ಆಮೇಲೆ ಕೈ ಬಿಡುತ್ತದೆ. ಫೋನಿನವರು ಕೊನೆವರೆಗೂ ಕೈ ಬಿಡೋದೇ ಇಲ್ಲ. ಇನ್ನು ಉಳಿದದ್ದೇನು? ಬಣ್ಣ ನೋಡಿ ಆರಿಸೋದು ಮಾತ್ರ. ಕಷ್ಟ ಬರಬೇಕಲ್ಲ, ಅದಕ್ಕೆ ಹೊಡೆತಗಳ ಲೆಕ್ಕಕ್ಕೆ ಮಿತಿ ಹಾಕುತ್ತಾರೆ. ಮಿತಿ ಮುಗಿದಾಗ ಒಂದೇ ಒಂದು ಗುಳ್ಳೆ ಉಳಿದಿರುತ್ತದೆ, ಪಕ್ಕದಲ್ಲೇ ಇನ್ನೈದು ಹೊಡೆತ ಬೇಕಾ ಅಂತ ದುಡ್ಡಿನ ಬಟನ್. ಬೇಡ ಅಂದರೆ ಜಾಹೀರಾತು. ಸೂರು ನಡುಗೋದಿಲ್ಲ, ಎಣಿಕೆ ಇಲ್ಲ, ಯಾವಾಗ ಬೇಕಾದರೂ ಹೊಡಿ. ಬಸ್‌ಗೆ ಕಾಯುವಾಗ ಸುಮ್ನೆ ಆಡೋಕೆ ಓಕೆ, ನಮ್ಮಮ್ಮನೂ ಆಡುತ್ತಾರೆ, ನನಗೇನೂ ತಕರಾರಿಲ್ಲ. ಆದರೆ ಅದು ಬೇರೆ ಆಟ. ಮತ್ತೆ ಬೆರಳು ಅಂಗಳದ ಅರ್ಧ ಭಾಗ ಮುಚ್ಚಿಬಿಡುತ್ತದೆ ಅನ್ನೋದನ್ನೂ ಸೇರಿಸಿಕೊಳ್ಳಿ.

ನಕಲುಗಳಲ್ಲಿ ಒಂದಕ್ಕೆ ಮಾತ್ರ ಪೂರ್ತಿ ಅಂಕ ಕೊಡುತ್ತೇನೆ, ಅದು ಫ್ರೋಜನ್ ಬಬಲ್. 2002ರಲ್ಲಿ ಬಂದ ಉಚಿತ ಆಟ, ಪರ್ಲ್ ಭಾಷೆಯಲ್ಲಿ ಬರೆದದ್ದು, ಲಿನಕ್ಸ್ ಬಳಸಿದವರಿಗೆ ಗೊತ್ತಿರುತ್ತದೆ. ಡೈನೋಸಾರ್ ಬದಲು ಪೆಂಗ್ವಿನ್. ಮೊದಲ ಹಂತ ತೆರೆದು ನೋಡಿ, ನಾನು ಮೇಲೆ ಹೇಳಿದ ಅದೇ ಜೋಡಣೆ, ಎರಡೆರಡರ ಸಾಲು, ಎಂಟು ಏಳು ಎಂಟು ಏಳು. ಬಾಣದ ಕೀಲಿಗಳಿಂದ ಎಡ ಬಲ, ಮೇಲಿನ ಬಾಣಕ್ಕೆ ಹೊಡೆತ. 100 ಹಂತ. ಜಾಹೀರಾತು ಇಲ್ಲ, ದುಡ್ಡಿನ ಬಟನ್ ಇಲ್ಲ. ಮುಳ್ಳು ಮಾತ್ರ ಗೀಟು ಗೀಟಾಗಿ ನಿಲ್ಲೋದಿಲ್ಲ, ಕೀಲಿ ಒತ್ತಿದಷ್ಟು ಹೊತ್ತು ಜಾರುತ್ತಾ ಹೋಗುತ್ತದೆ. ಅದಕ್ಕೆ ಒಗ್ಗಿಕೊಳ್ಳೋಕೆ ಸ್ವಲ್ಪ ಸಮಯ ಬೇಕು. ಪುಕ್ಕಟೆ ಬೇಕು, ನಿಯತ್ತಿನದು ಬೇಕು ಅಂದರೆ ಇದೇ.

ಹೊಸ ಕಾಲದ ಆವೃತ್ತಿಗಳಲ್ಲಿ ದೊಡ್ಡದು ಪಜಲ್ ಬಾಬಲ್ ಎವ್ರಿಬಬಲ್, 2023ರ ಮೇ ತಿಂಗಳಲ್ಲಿ ಸ್ವಿಚ್‌ಗೆ ಬಂತು. ಇದರ ವಿಶೇಷ ಏನೆಂದರೆ ನಾಲ್ಕು ಜನ ಒಟ್ಟಿಗೆ ಒಂದೇ ಅಂಗಳಕ್ಕೆ ಗುಳ್ಳೆ ಹೊಡೆಯಬಹುದು, ಒಬ್ಬರ ವಿರುದ್ಧ ಒಬ್ಬರಲ್ಲ, ಎಲ್ಲರೂ ಸೇರಿ. ಇದು ಸಕ್ಕತ್ ಗಲಾಟೆ. ನೀನು ಆ ಕಡೆ ನೋಡ್ಕೋ, ಹಳದಿ ನಂದು, ಅಯ್ಯೋ ಯಾಕೋ ಅಲ್ಲಿ ಹೊಡೆದೆ, ಇದೇ ಮಾತು. ಚಿಕ್ಕ ಮಕ್ಕಳು ಎಲ್ಲಿಗೋ ಹೊಡೆದರೂ ದೊಡ್ಡವರು ಸರಿ ಮಾಡಬಹುದು, ಯಾರೂ ಅಳೋದಿಲ್ಲ. ಹಬ್ಬಕ್ಕೆ ನೆಂಟರು ಸೇರಿದಾಗ ಇದಕ್ಕಿಂತ ಒಳ್ಳೇದು ಇಲ್ಲ. ಒಬ್ಬರೇ ಆಡಿದರೆ ಅದೇ ಆಟ ಸಪ್ಪೆ. ಹಂತಗಳು ಮೃದುವಾಗಿವೆ, ಮಧ್ಯೆ ಮಧ್ಯೆ ಬರೋ ಕತೆಯ ಮಾತುಕತೆ ನಾನು ಒಂದನ್ನೂ ಓದಲಿಲ್ಲ. ಒಳಗೆ ಸ್ಪೇಸ್ ಇನ್ವೇಡರ್ಸ್ ಜೊತೆ ಬೆರೆಸಿದ ಒಂದು ಆಟವೂ ಇದೆ, ಗುಳ್ಳೆಯೊಳಗೆ ಸಿಕ್ಕಿದ ಇನ್ವೇಡರ್‌ಗಳು ಇಳಿದು ಬರುತ್ತವೆ, ಕೊನೆಯಿಲ್ಲದೆ. ಟೈಟೊ ತನ್ನ ಹಳೇ ಆಸ್ತಿಯನ್ನು ತಾನೇ ತಮಾಷೆ ಮಾಡಿಕೊಂಡಿರೋದು ಚೆನ್ನಾಗಿದೆ, ಹತ್ತು ನಿಮಿಷಕ್ಕೆ. ಸ್ವಿಚ್‌ನ ಚಿಕ್ಕ ಕಂಟ್ರೋಲರ್ ಒಂದನ್ನೇ ಅಡ್ಡ ಹಿಡಿದು ಆಡೋರಿಗೆ ಒಂದು ಮಾತು, ಅದರ ಕೋಲಿನಲ್ಲಿ ಒಂದು ಗೀಟು ಸರಿಸೋದು ಕಷ್ಟ. ಎಡದ ಕಂಟ್ರೋಲರ್ ಸಿಕ್ಕವರು ದೊಡ್ಡವರ ಥರ ಬಿಟ್ಟುಕೊಡಬೇಡಿ, ಬಲದವರಿಗಿಂತ ನಿಮಗೇನೂ ಅನುಕೂಲ ಇಲ್ಲ.

2021ರಲ್ಲಿ ಕಣ್ಣಿಗೆ ಕಟ್ಟಿಕೊಂಡು ಆಡೋ ವಿಆರ್ ಆವೃತ್ತಿಯೂ ಬಂತು. ಗೆಳೆಯನ ಮನೆಯಲ್ಲಿ ಆಡಿ ನೋಡಿದೆ. ಗುಳ್ಳೆಗಳ ಗೊಂಚಲು ಗಾಳಿಯಲ್ಲಿ ತೇಲುತ್ತಿರುತ್ತದೆ, ಹೊಡೆದ ಏಟಿಗೆ ಸುತ್ತುತ್ತದೆ, ಹಿಂದಿನ ಬಣ್ಣಗಳು ಮುಂದೆ ಬರುತ್ತವೆ. ಚೆನ್ನಾಗಿದೆ. ಆದರೆ ಪಕ್ಕದ ಗೋಡೆಯೇ ಇಲ್ಲದ ಪಜಲ್ ಬಾಬಲ್ ನನಗೆ ಬೇಡ.

ಇಲ್ಲಿ ಕೊಳ್ಳೋ ವಿಚಾರ. ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಅಂಗಡಿ ಇಟ್ಟಿಲ್ಲ. ಸ್ವಿಚ್ ಸಿಗೋದೆಲ್ಲ ಹೊರಗಿಂದ ತಂದು ಮಾರೋರ ಹತ್ತಿರ, ವಾರಂಟಿ ಅವರ ಬಾಯಿಮಾತಿನಷ್ಟೇ. ಆಟ ಡೌನ್‌ಲೋಡ್ ಮಾಡೋಕೆ ಬೇರೆ ದೇಶದ ಖಾತೆ ಮಾಡಿಕೊಂಡು ಗಿಫ್ಟ್ ಕಾರ್ಡ್ ಹುಡುಕಬೇಕು. ಈಗಾಗಲೇ ಸ್ವಿಚ್ ಇದ್ದವರಿಗೆ ಇದೆಲ್ಲ ಅಭ್ಯಾಸ ಆಗಿರುತ್ತದೆ, ಇಲ್ಲದವರು ಬರೀ ಈ ಆಟಕ್ಕೋಸ್ಕರ ಆ ಉಸಾಬರಿಗೆ ಹೋಗಬೇಡಿ. ಸ್ಟೀಮ್‌ನಲ್ಲಿ ರೂಪಾಯಿಯಲ್ಲೇ ಕೊಡಬಹುದು, ಎಸ್ ಟ್ರಿಬ್ಯೂಟ್ ಅಲ್ಲೇ ತಗೊಂಡು ಲ್ಯಾಪ್‌ಟಾಪ್‌ನಿಂದ ಟಿವಿಗೆ ಕೇಬಲ್ ಹಾಕಿ. ರಿಯಾಯಿತಿ ಮಾರಾಟಕ್ಕೆ ಕಾದರೆ ಇನ್ನೂ ಒಳ್ಳೇದು.

ಹಳೇ ಸೂಪರ್ ನಿಂಟೆಂಡೊ ಕಾರ್ಟ್ರಿಜ್ ಆನ್‌ಲೈನ್‌ನಲ್ಲಿ ತರಿಸೋರು ಮಾರೋನ ಹತ್ತಿರ ಕಾರ್ಟ್ರಿಜ್‌ನ ಒಳಗಿನ ಬೋರ್ಡ್ ಫೋಟೋ ಕೇಳಿ. ನನಗೆ ಒಬ್ಬ ಅಸಲಿ ಅಂತ ಕಳಿಸಿದ್ದು ನಕಲಿ. ಆಟ ನಡೆಯುತ್ತಿತ್ತು, ಆದರೆ ಲೇಬಲ್ ಉಗುರಿಗೇ ಎದ್ದುಬಂತು. ಎರಡು ಸಲ ಬರೆದ ಮೇಲೆ ಉತ್ತರ ಕೊಡೋದನ್ನೇ ನಿಲ್ಲಿಸಿದ.

ಯಾವುದೇ ಆವೃತ್ತಿ ತಗೊಂಡರೂ ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ ಗೇಮ್ ಮೋಡ್ ಹಾಕಿ. ಹಾಕದಿದ್ದರೆ ಎಷ್ಟೋ ಹೊಸ ಟಿವಿಗಳಲ್ಲಿ ಬಟನ್ ತಟ್ಟಿದ ಮೇಲೆ ಚಿತ್ರ ಬರೋದು ಒಂಚೂರು ತಡ, ಮುಳ್ಳು ಒಂದು ಗೀಟು ಮುಂದೆ ಹೋಗಿ ನಿಂತಿರುತ್ತದೆ, ನೀವು ಸುಮ್ನೆ ಕಂಟ್ರೋಲರ್‌ಗೆ ಬೈತಾ ಕೂರುತ್ತೀರಿ. ಹಾಕಿದ ಮೇಲೆ ಒಂದು ಸಣ್ಣ ಪರೀಕ್ಷೆ: ಮುಳ್ಳನ್ನು ಎಡಕ್ಕೆ ಎಷ್ಟು ಸಲ ತಟ್ಟಿದಿರೋ ಅಷ್ಟೇ ಸಲ ಬಲಕ್ಕೆ ತಟ್ಟಿ. ಹೊರಟ ಜಾಗಕ್ಕೇ ವಾಪಸ್ ಬಂದರೆ ಸರಿ ಇದೆ, ಆಡಿ. ಬರದಿದ್ದರೆ ಬೇರೆ ಕಂಟ್ರೋಲರ್ ಹಾಕಿ ನೋಡಿ, ಅದರಲ್ಲೂ ಬರದಿದ್ದರೆ ರೀಫಂಡ್ ಕೇಳಿ.